ಮೊಳೆ ಜೋಡಿಸುತ್ತಿದ್ದ ನಮ್ಮ ದೊಡ್ಡಪ್ಪ

ದೊಡ್ಡಪ್ಪ ತೀರಿಕೊಂಡು ವರ್ಷವಾದಾಗ ತಿಪಟೂರಿನಲ್ಲಿ ಒಂದು ಸಣ್ಣ ಸಭೆ ಮಾಡಿದ್ದೆವು. ಅಲ್ಲಿ ನಾನು ಆಡಿದ ಮಾತನ್ನು ಬರೆದು ಕೊಡಿ ಅಂತ ಬಂದಿದ್ದವರಲ್ಲಿ ಕೆಲವರು ಕೇಳಿದರು. ಮಾತಾಡಿದ ಹಾಗೇ ಬರೆದಿದ್ದೇನೆ. ಅವತ್ತು ಗಂಟಲು ಕಟ್ಟಿ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮ ದೊಡ್ಡಮ್ಮ ಗಂಡನ ಹೆಸರನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ‘ನಮ್ಮನೆಯವರು’ ಅಂತಾರೆ, ಇಲ್ಲಾಂದ್ರೆ ‘ಪ್ರೆಸ್ಸಿನೋರು’ ಅಂತಾರೆ. ನನಗೂ ಅವರ ಹೆಸರು ಹಿಡಿದು ಮಾತಾಡಿ ಅಭ್ಯಾಸವಿಲ್ಲ. ಹಾಗಾಗಿ ಇವತ್ತೂ ದೊಡ್ಡಪ್ಪ ಅಂತಲೇ ಹೇಳುತ್ತೇನೆ. ಇಲ್ಲಿ ಕೂತಿರುವ ನಿಮ್ಮಲ್ಲಿ ಅರ್ಧ ಜನರ ಲಗ್ನಪತ್ರಿಕೆ ಅವರ ಕೈಯಲ್ಲೇ ಆಗಿದ್ದು, ಯಾರ ಮಾತಾಡುತ್ತಿದ್ದೇನೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಅವರು ಹೋದ ದಿನದಿಂದಲೇ ಶುರು ಮಾಡುತ್ತೇನೆ. ಬೆಳಗಿನ ಜಾವ ಹೋದರು. ಒಂಬತ್ತು ಗಂಟೆಗೆಲ್ಲ ಮನೆ ಮುಂದೆ ಶಾಮಿಯಾನ ಬಂತು, ಕುರ್ಚಿ ಬಂತು, ಮಂಡಿ ಬೀದಿಯ ಹುಡುಗರು ಪ್ರೀತಿಯಿಂದ ಒಂದು ಫ್ಲೆಕ್ಸ್ ಮಾಡಿಸಿಕೊಂಡು ಬಂದರು. ದೊಡ್ಡಪ್ಪನ ನಗುವ ಫೋಟೊ, ಎರಡು ಕಡೆ ಗುಲಾಬಿ, ಕೆಳಗೆ ದಪ್ಪ ಅಕ್ಷರದಲ್ಲಿ ‘ಭಾವಪೂರ್ಣ ಶ್ರದ್ದಾಂಜಲಿ’. ಬೆಳಗಿನಿಂದ ಅತ್ತೂ ಅತ್ತೂ ಸುಸ್ತಾಗಿದ್ದ ಅಕ್ಕ, ಅಂದ್ರೆ ಅವರ ದೊಡ್ಡ ಮಗಳು, ಹೊರಗೆ ಬಂದವಳು ಆ ಫ್ಲೆಕ್ಸ್ ನೋಡಿ ನಿಂತುಬಿಟ್ಟಳು. ಅಳು ನಿಂತಿತು. ‘ಮಾರ್ಕರ್ ಪೆನ್ ಇದೆಯಾ ಯಾರ ಹತ್ರಾನಾದ್ರೂ?’ ಅಂದಳು. ಯಾರಿಗೂ ಅರ್ಥವಾಗಲಿಲ್ಲ. ಪಕ್ಕದ ಮನೆಯ ಹುಡುಗ ತಂದುಕೊಟ್ಟ. ಪ್ಲಾಸ್ಟಿಕ್ ಕುರ್ಚಿ ಹತ್ತಿ, ‘ಶ್ರದ್ದಾ’ದ ಕೆಳಗಿನ ದ ಒತ್ತಿಗೆ ಹೊಟ್ಟೆ ಸೀಳಿ ಒಂದು ಸಣ್ಣ ಗೆರೆ ಎಳೆದಳು. ಶ್ರದ್ಧಾಂಜಲಿ ಆಯಿತು. ‘ಈಗ ಸರಿಯಾಯ್ತು ನೋಡಪ್ಪ’ ಅಂತ ಫೋಟೊಗೆ ಹೇಳಿ ಇಳಿದು, ಮತ್ತೆ ಅಳುವುದಕ್ಕೆ ಒಳಗೆ ಹೋದಳು.

ನೋಡಿದವರಿಗೆ ಏನನ್ನಿಸಿತೋ ಗೊತ್ತಿಲ್ಲ. ನಮ್ಮ ಮನೆಯವರಿಗೆ ಮಾತ್ರ ಅದು ಅವತ್ತಿನ ದಿನ ಆಗಬೇಕಾಗಿದ್ದ ಅತಿ ಮುಖ್ಯವಾದ ಕೆಲಸ ಅನ್ನಿಸಿತು. ಯಾಕೆ ಅಂದ್ರೆ, ಯಾರದೇ ಮನೆಯಲ್ಲಿ ಸಾವಾಗಿ ಕಾರ್ಡು ಮಾಡಿಸೋಕೆ ಬಂದರೂ ಹತ್ತರಲ್ಲಿ ಎಂಟು ಜನ ಚೀಟಿಯಲ್ಲಿ ‘ಶ್ರದ್ದಾಂಜಲಿ’ ಅಂತಲೇ ಬರೆದು ತರುತ್ತಿದ್ದರು. ದೊಡ್ಡಪ್ಪ ಏನೂ ಅನ್ನದೆ ಸರಿಮಾಡಿ ಜೋಡಿಸುತ್ತಿದ್ದರು. ಚೀಟಿ ತಂದವರು ಹೊರಟ ಮೇಲೆ ನಮಗೆ ಹೇಳೋರು, ‘ಸತ್ತೋರಿಗೆ ಅಲ್ಪಪ್ರಾಣ ಹಾಕಬಾರದು ಕಣ್ರೋ. ಮಹಾಪ್ರಾಣಾನೇ ಹಾಕಬೇಕು. ಇದ್ದಾಗ ಎಷ್ಟಿತ್ತೋ ಏನೋ, ಹೋಗುವಾಗಲಾದ್ರೂ ಜಾಸ್ತಿ ಕೊಡೋಣ.’

ಅವರು ಹುಟ್ಟಿದ್ದು 1947ರಲ್ಲಿ. ನಮ್ಮ ತಾತ ಬೇಗ ತೀರಿಕೊಂಡರು. ಮನೆಗೆ ದೊಡ್ಡ ಮಗ, ಕೆಳಗೆ ಇಬ್ಬರು ತಂಗಿಯರು, ಒಬ್ಬ ತಮ್ಮ. ಆ ತಮ್ಮನೇ ನಮ್ಮಪ್ಪ. 14ನೇ ವಯಸ್ಸಿಗೆ ಶಾಲೆ ಬಿಟ್ಟು ಪ್ರೆಸ್ಸಿಗೆ ಸೇರಿದರು. ಸೇರಿದ್ದು ಕೆಲಸ ಕಲಿಯೋಕೆ ಅಂತ ಹೆಸರಿಗೆ. ಮೊದಲ ಒಂದು ವರ್ಷ ಅವರ ಕೆಲಸ ಸಂಜೆ ನೆಲದ ಮೇಲೆ ಬಿದ್ದ ಮೊಳೆಗಳನ್ನು ಆಯುವುದು. ಯಾವ ಮೊಳೆ ಯಾವ ಖಾನೆಗೆ ಹೋಗಬೇಕು ಅಂತ ಆಯ್ದೂ ಆಯ್ದೂ ತಿಳಿದುಕೊಂಡರು. ‘ಬೇರೆಯವರು ಅಕ್ಷರ ಸ್ಲೇಟಿನ ಮೇಲೆ ಕಲೀತಾರೆ, ನಾನು ಕಸದಲ್ಲಿ ಕಲಿತೆ’ ಅಂತ ಅವರೇ ಹೇಳಿಕೊಂಡು ನಗೋರು.

ಇಲ್ಲಿರುವ ಚಿಕ್ಕವರಿಗೆ ಮೊಳೆ ಅಂದ್ರೆ ಗೋಡೆಗೆ ಹೊಡೆಯೋದು ಅನ್ನಿಸಬಹುದು. ಅಚ್ಚಿನ ಮೊಳೆ ಬೇರೆ. ಸೀಸ, ತವರ, ಆಂಟಿಮನಿ ಸೇರಿಸಿ ಎರಕ ಹೊಯ್ದ ಒಂದು ಸಣ್ಣ ಕಂಬ. ಉದ್ದ ಒಂದಂಗುಲಕ್ಕೆ ಸ್ವಲ್ಪ ಕಮ್ಮಿ. ಅದರ ತಲೆಯ ಮೇಲೆ ಒಂದು ಅಕ್ಷರ, ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಇಂಗ್ಲಿಷಿಗಾದರೆ ಇಪ್ಪತ್ತಾರು ದೊಡ್ಡಕ್ಷರ, ಇಪ್ಪತ್ತಾರು ಚಿಕ್ಕಕ್ಷರ, ಅಂಕಿ, ಚುಕ್ಕಿ, ಅಷ್ಟೇ. ಕನ್ನಡಕ್ಕೆ ಹಾಗಲ್ಲ ನೋಡಿ. ತಲೆಕಟ್ಟು, ದೀರ್ಘ, ಗುಡಿಸು, ಕೊಂಬು, ಏತ್ವ, ಐತ್ವ, ವಟ್ರುಸುಳಿ, ಅದರ ಮೇಲೆ ಪ್ರತಿ ವ್ಯಂಜನಕ್ಕೂ ಒಂದು ಒತ್ತು, ಅರ್ಕಾವೊತ್ತು ಬೇರೆ. ಮೊಳೆ ಇಡುವ ಮರದ ಕೇಸಿನ ತುಂಬ ಖಾನೆಯೋ ಖಾನೆ, ಒಂದರ ಮೇಲೂ ಹೆಸರು ಬರೆದಿರುತ್ತಿರಲಿಲ್ಲ. ಎಡಗೈಯಲ್ಲಿ ಸಾಲು ಜೋಡಿಸುವ ಕಂಪೋಸಿಂಗ್ ಸ್ಟಿಕ್ ಹಿಡಿದು ಬಲಗೈಯಲ್ಲಿ ಒಂದೊಂದೇ ಮೊಳೆ ಎತ್ತಿ ಇಡಬೇಕು. ಅಕ್ಷರ ತಲೆಕೆಳಗಾಗಿ ಕೂರುತ್ತದೆ, ಹಾಗೇ ಎಡದಿಂದ ಬಲಕ್ಕೆ ಓದಿಕೊಂಡು ಹೋಗಬೇಕು. ಪ್ರತಿ ಮೊಳೆಯ ಒಂದು ಪಕ್ಕದಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಕಣ್ಣಲ್ಲಿ ನೋಡುವ ಹಾಗೇ ಇಲ್ಲ, ಬೆರಳು ಮುಟ್ಟಿದಾಗಲೇ ಮೊಳೆ ನೆಟ್ಟಗಿದೆಯೋ ಉಲ್ಟಾ ಇದೆಯೋ ಅಂತ ಆ ಕಚ್ಚು ಹೇಳಬೇಕು. ಎಲ್ಲ ಕಚ್ಚೂ ಒಂದೇ ಸಾಲಿಗೆ ಬಂದರೆ ಸಾಲು ಸರಿ ಅಂತ ಲೆಕ್ಕ.

ನಾನು ಇದನ್ನು ಕಲಿತಿದ್ದು 1988ರಲ್ಲಿ. ನಮ್ಮ ಹಳ್ಳಿಯಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಶಾಲೆ ಇತ್ತು. ಎಂಟಕ್ಕೆ ತಿಪಟೂರಿಗೆ ಬಂದು ದೊಡ್ಡಪ್ಪನ ಮನೆಯಲ್ಲಿ ಉಳಿದೆ. ಅಷ್ಟು ಹೊತ್ತಿಗೆ ಅವರದೇ ಸ್ವಂತ ಪ್ರೆಸ್ಸು ಇತ್ತು. ಬೆಂಗಳೂರಿನಲ್ಲಿ ಯಾರೋ ಮಾರಿದ ಹಳೇ ಟ್ರೆಡಲ್ ಮಷಿನ್ನನ್ನು ಸಾಲ ಮಾಡಿ ಕೊಂಡು ಲಾರಿಯಲ್ಲಿ ತಂದಿದ್ದರು. ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಓಣಿಯಲ್ಲಿ ಮುಂದೆ ಪ್ರೆಸ್ಸು, ಹಿಂದೆ ಮನೆ. ಅವರ ಮೂವರು ಮಕ್ಕಳ ಜೊತೆ ನಾನು ನಾಲ್ಕನೆಯವನು. ಬಟ್ಟೆ ತಂದರೆ ನಾಲ್ಕು ಜೊತೆ, ಪೆನ್ನು ತಂದರೆ ನಾಲ್ಕು. ತಮ್ಮನ ಮಗ ಅನ್ನೋ ಮಾತು ಆ ಮನೆಯಲ್ಲಿ ನಾನು ಕೇಳಿದ್ದು ಒಂದೇ ಸಲ, ರೇಷನ್ ಕಾರ್ಡಿನವರು ಬಂದು ಕೇಳಿದಾಗ.

ಅವರ ದಿನ ಹೇಗಿರುತ್ತಿತ್ತು ಅಂದ್ರೆ, ಬೆಳಿಗ್ಗೆ ಐದಕ್ಕೆ ಏಳೋರು. ನಲ್ಲಿ ನೀರು ಹಿಡಿದು ತುಂಬಿಸಿ, ದೊಡ್ಡಮ್ಮನಿಗೆ ಕಾಫಿ ಮಾಡಿಕೊಟ್ಟು, ಆರು ಗಂಟೆಗೆ ಪ್ರೆಸ್ಸಿನ ಬಾಗಿಲು ತೆಗೆಯೋರು. ಹೌದು, ಕಾಫಿ ಅವರೇ ಮಾಡೋರು, ಆ ಕಾಲದಲ್ಲಿ. ಬಂದ ನೆಂಟರು ನೋಡಿ ಮುಸಿಮುಸಿ ನಕ್ಕರೆ, ‘ಮಷಿನ್ನಿಗೆ ಎಣ್ಣೆ ಹಾಕದೆ ಓಡಿಸಕ್ಕಾಗುತ್ತಾ?’ ಅನ್ನೋರು. ಆಮೇಲೆ ಕಾಲಲ್ಲಿ ತುಳಿಯುತ್ತಾ, ಬಲಗೈಯಲ್ಲಿ ಕಾಗದ ಕೊಡುತ್ತಾ, ಎಡಗೈಯಲ್ಲಿ ಅಚ್ಚಾದದ್ದನ್ನು ತೆಗೆಯುತ್ತಾ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಒಂದು ಕ್ಷಣ ಕೈ ತಡವಾದರೆ ಬೆರಳು ಜಜ್ಜಿಹೋಗುತ್ತದೆ. ಅವರ ಬಲಗೈಯ ನಡುಬೆರಳಿನ ಉಗುರು ಹಾಗೇ ಹೋಗಿದ್ದು, ಮತ್ತೆ ಸರಿಯಾಗಿ ಬೆಳೆಯಲೇ ಇಲ್ಲ. ಮಷಿನ್ನಿನ ಸದ್ದು ಕೇಳಿಕೊಂಡೇ ನಾವು ಮಗ್ಗಿ ಕಲಿತೆವು. ಆಯುಧಪೂಜೆ ದಿನ ಮಷಿನ್ ನಿಲ್ಲಿಸಿ, ತೊಳೆದು, ಕುಂಕುಮ ಇಟ್ಟು ಹೂ ಮುಡಿಸಿದಾಗ ಮನೆಯೆಲ್ಲ ಬಿಕೋ ಅನ್ನುತ್ತಿತ್ತು.

ರಾತ್ರಿ ಕೆಲಸ ಮುಗಿದ ಮೇಲೆ ಇನ್ನೊಂದು ಕೆಲಸ. ಅಚ್ಚಾದ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿ, ಒಂದೊಂದನ್ನೂ ಮತ್ತೆ ಅದರದರ ಖಾನೆಗೆ ಹಾಕಬೇಕು. ಯಾರೋ ಮದುವೆಗೆ ಜೋಡಿಸಿದ ಅಕ್ಷರಗಳೇ ಮಾರನೇ ದಿನ ಯಾರದೋ ತಿಥಿಗೆ ಬೇಕು. ಅದೆಲ್ಲ ಮುಗಿಸಿ, ಹಿತ್ತಲಲ್ಲಿ ಮೊದಲು ಸೀಮೆಎಣ್ಣೆ, ಆಮೇಲೆ ಸೀಗೆಪುಡಿ, ಆಮೇಲೆ ಸೋಪು ಹಾಕಿ ಮೊಣಕೈವರೆಗೆ ಉಜ್ಜೋರು. ಸೀಸ ಮೈಗೆ ಒಳ್ಳೇದಲ್ಲ ಅಂತ ಯಾರೋ ಡಾಕ್ಟರು ಹೇಳಿದ್ದರಂತೆ. ಆ ಕೈ ತೊಳೆಯದೆ ಮಕ್ಕಳನ್ನು ಮುಟ್ಟುತ್ತಿರಲಿಲ್ಲ. ನನ್ನ ಚಿಕ್ಕ ತಂಗಿ, ಅಂದ್ರೆ ಅವರ ಕೊನೆಯ ಮಗಳು, ಓಡಿ ಬಂದು ತಬ್ಬಿಕೊಳ್ಳೋಕೆ ಹೋದರೆ ಎರಡೂ ಕೈ ಮೇಲೆತ್ತಿ, ಪೊಲೀಸರ ಮುಂದೆ ನಿಂತ ಕಳ್ಳನ ಹಾಗೆ, ‘ತಪ್ಪಾಯ್ತು ಸ್ವಾಮಿ, ಐದು ನಿಮಿಷ ಟೈಮ್ ಕೊಡಿ’ ಅಂತ ಹಿತ್ತಲಿಗೆ ಓಡೋರು. ಆ ಚಿತ್ರ ನನ್ನ ಕಣ್ಣಿಗೆ ಕಟ್ಟಿದೆ.

ತಿಪಟೂರು ಅಂದ ಮೇಲೆ ಕೊಬ್ಬರಿ ಅಲ್ವಾ. ಪ್ರೆಸ್ಸಿಗೆ ವರ್ಷವಿಡೀ ಅನ್ನ ಹಾಕಿದ್ದು ಮಂಡಿಗಳ ಪಟ್ಟಿ ಪುಸ್ತಕ, ಬಿಲ್ ಪುಸ್ತಕ. ರೈತ ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿದು, ಒಡೆದು, ಚೀಲ ತುಂಬಿ ತಂದರೆ ಅವನ ಕೈಗೆ ಕೊನೆಗೆ ಸಿಗುವುದು ಒಂದು ಪಟ್ಟಿ ಚೀಟಿ. ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ಕೈಗೆ ಎಷ್ಟು. ‘ಆ ಚೀಟೀಲಿ ಗೆರೆ ನೆಟ್ಟಗಿರಬೇಕು. ಅವನ ಒಂದು ವರ್ಷದ ಬೆವರು ಆ ಗೆರೆಗಳ ಮಧ್ಯೆ ಕೂರೋದು’ ಅನ್ನೋರು. ಬಿಲ್ ಪುಸ್ತಕಕ್ಕೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲ್ಲ. ಇವರು ಹಿತ್ತಾಳೆ ಗೆರೆಗಳ ಮೂಲೆ ಕೂಡುವ ತನಕ ಬಿಡುತ್ತಿರಲಿಲ್ಲ. ಗೆರೆ ಕೂಡದೆ ಒಂದು ಕೂದಲೆಳೆ ಸಂದು ಬಿಟ್ಟರೂ ಮತ್ತೆ ಬಿಚ್ಚೋರು.

ಮದುವೆ ಸೀಸನ್ನಿನಲ್ಲಿ ಇನ್ನೊಂದು ಪಾಡು. ‘ಶ್ರೀ’ ಮೊಳೆ ಸಾಲುತ್ತಿರಲಿಲ್ಲ. ಶ್ರೀ ಗಣೇಶಾಯ ನಮಃ ಅಂತ ಶುರುವಾದರೆ, ಶ್ರೀಮತಿ ಮತ್ತು ಶ್ರೀ, ಶ್ರೀಯುತ, ಶ್ರೀ ಕ್ಷೇತ್ರ, ಒಂದು ಪತ್ರಿಕೆಗೇ ಒಂದು ಡಜನ್. ಎದುರು ಬೀದಿಯ ಪ್ರೆಸ್ಸಿಗೆ ನನ್ನನ್ನು ಓಡಿಸೋರು, ‘ಹೋಗಿ ಎಂಟು ಶ್ರೀ ಸಾಲ ಇಸ್ಕೊಂಡು ಬಾ’ ಅಂತ. ಆ ಪ್ರೆಸ್ಸಿನವರು ಇವರ ಪೈಪೋಟಿದಾರರು. ಕೊಡೋರು, ಅವರಿಗೆ ಕಮ್ಮಿ ಬಿದ್ದಾಗ ಇವರೂ ಕೊಡೋರು. ‘ನಮ್ಮೂರಲ್ಲಿ ಶ್ರೀಮಂತರು ಕಮ್ಮಿ, ಶ್ರೀಗಳು ಜಾಸ್ತಿ, ಏನು ಮಾಡೋದು’ ಅಂತ ದೊಡ್ಡಪ್ಪ ನಗೋರು. ‘ಸಕುಟುಂಬ ಸಮೇತರಾಗಿ’ ಅನ್ನೋದರ ಬಗ್ಗೆಯೂ ಅವರಿಗೆ ಒಂದು ತಕರಾರಿತ್ತು. ಸಕುಟುಂಬ ಅಂದ್ರೇನೇ ಕುಟುಂಬದ ಜೊತೆ ಅಂತ, ಮತ್ತೆ ಸಮೇತ ಯಾಕೆ? ತೆಗೆದುಬಿಡಿ ದೊಡ್ಡಪ್ಪ ಅಂತ ನಾನಂದರೆ, ‘ಬೇಡ ಕಣೋ ಪುಟ್ಟಾ, ಪಾಪ ಎರಡು ಸಲ ಕರೆದರೆ ಒಂದು ಸಲವಾದ್ರೂ ಬರ್ತಾರೆ’ ಅನ್ನೋರು.

ಹೆಸರಿನ ವಿಷಯದಲ್ಲಿ ಮಾತ್ರ ತಮಾಷೆ ಇರಲಿಲ್ಲ. ಕರಪತ್ರದಲ್ಲಿ ವಾಕ್ಯ ತಪ್ಪಿದರೆ ಜನ ನಕ್ಕು ಮರೀತಾರೆ, ಹೆಸರು ತಪ್ಪಿದರೆ ಆ ಮನುಷ್ಯನಿಗೆ ಜೀವಮಾನವಿಡೀ ಚುಚ್ಚುತ್ತದೆ, ಅದು ಅವರ ಲೆಕ್ಕ. ಓದು ಬರಹ ಬಾರದವರು ಬಂದರೆ ಅವರ ಬಾಯಲ್ಲೇ ಮೂರು ಸಲ ಹೆಸರು ಹೇಳಿಸೋರು. ಊರ ನಾಟಕದ ಪೋಸ್ಟರಿನಲ್ಲಿ ಪಾತ್ರಧಾರಿಗಳ ಹೆಸರು ಹಾಕುವಾಗ, ದುರ್ಯೋಧನನ ಪಾತ್ರದವನ ಹೆಸರು ಹೇಗೂ ದಪ್ಪ ಅಕ್ಷರದಲ್ಲಿ ಬರುತ್ತದೆ, ಕೊನೆಯಲ್ಲಿ ಬರುವ ದ್ವಾರಪಾಲಕನ ಹೆಸರನ್ನು ಎರಡು ಸಲ ನೋಡೋರು. ‘ಅವನ ಹೆಂಡ್ತಿ ಮಕ್ಕಳು ಆ ಪೋಸ್ಟರ್ ಮುಂದೆ ನಿಂತು ಹುಡುಕ್ತಾರೆ ಕಣೋ’ ಅಂತ.

ಈಗ ನಾನು ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. ಇದನ್ನು ಇದುವರೆಗೆ ಹೊರಗಿನವರ ಮುಂದೆ ಹೇಳಿಲ್ಲ.

ನಾನು ಹತ್ತನೇ ಕ್ಲಾಸಿನಲ್ಲಿದ್ದೆ. ಅಷ್ಟು ಹೊತ್ತಿಗೆ ಪ್ರೂಫ್ ನೋಡುವ ಕೆಲಸ ನನಗೆ ಕೊಟ್ಟಿದ್ದರು. ಗ್ಯಾಲಿ ಅನ್ನೋ ತಟ್ಟೆಯಲ್ಲಿ ಜೋಡಿಸಿಟ್ಟ ಮೊಳೆಗಳ ಮೇಲೆ ಶಾಯಿ ಉರುಳಿಸಿ, ಕಾಗದ ಒತ್ತಿ ತೆಗೆದ ಪ್ರೂಫನ್ನು ಓದಿ ತಪ್ಪು ಗುರುತು ಮಾಡಬೇಕು. ಒಂದು ಲಗ್ನಪತ್ರಿಕೆ ಬಂತು. ವಧುವಿನ ತಾತ ಇನ್ನೂ ಇದ್ದರು, ಗಟ್ಟಿಮುಟ್ಟಾಗಿದ್ದರು, ಆ ಮನೆಗೆ ಅವರೇ ಯಜಮಾನರು. ವರನ ತಾತ ತೀರಿಕೊಂಡಿದ್ದರು. ಪತ್ರಿಕೆಯಲ್ಲಿ ‘ದಿ॥’ ಬರಬೇಕಾದ ಕಡೆ ‘ಶ್ರೀ॥’ ಬಂತು, ‘ಶ್ರೀ॥’ ಬರಬೇಕಾದ ಕಡೆ ‘ದಿ॥’ ಬಂತು. ಬದುಕಿದ್ದ ಹಿರಿಯರ ಹೆಸರಿನ ಹಿಂದೆ ದಿವಂಗತ. ನಾನು ಪ್ರೂಫ್ ನೋಡಿದ್ದೆ. ಮಾರನೇ ದಿನ ಗಣಿತದ ಪರೀಕ್ಷೆ ಇತ್ತು, ಕಣ್ಣು ಓಡಿಸಿದೆ, ಸರಿ ಅಂತ ಸಹಿ ಹಾಕಿದೆ. 500 ಪತ್ರಿಕೆ ಅಚ್ಚಾಗಿ ಅವರ ಮನೆಗೂ ಹೋಯಿತು.

ಸಂಜೆ ಹುಡುಗಿಯ ಚಿಕ್ಕಪ್ಪ ಬಂದರು. ಅವರ ಕೋಪ ನ್ಯಾಯವಾಗಿಯೇ ಇತ್ತು. ಶುಭಕಾರ್ಯದಲ್ಲಿ ಇಂಥ ಅಪಶಕುನ ಯಾರು ಸಹಿಸ್ತಾರೆ? ಬೀದಿಯವರೆಲ್ಲ ಸೇರಿದರು. ‘ಯಾರು ಇದನ್ನ ನೋಡಿದ್ದು?’ ಅಂತ ಅವರು ಕೂಗಿದರು. ನಾನು ಕೇಸಿನ ಹಿಂದೆ ನಿಂತಿದ್ದೆ. ಪ್ರೂಫಿನ ಕಾಗದ, ನನ್ನ ಸಹಿ ಇದ್ದದ್ದು, ಮೇಜಿನ ಮೇಲೇ ಇತ್ತು. ದೊಡ್ಡಪ್ಪ ಅದನ್ನು ಸುಮ್ನೆ ಎತ್ತಿ ಕೈ ಒರೆಸಿಕೊಳ್ಳುವ ಬಟ್ಟೆಯ ಜೊತೆ ಮುದುರಿ ಜೇಬಿಗೆ ಹಾಕಿಕೊಂಡರು. ‘ನಾನೇ ನೋಡಿದ್ದು ಸ್ವಾಮಿ. ನನ್ನದೇ ತಪ್ಪು. ಯಜಮಾನರ ಹತ್ರ ನಾನೇ ಬಂದು ಹೇಳ್ತೀನಿ’ ಅಂದರು.

ಅವತ್ತು ರಾತ್ರಿ ಎಂಟು ಗಂಟೆಗೆ ಸೈಕಲ್ ಹತ್ತಿ ಅವರ ಮನೆಗೆ ಹೋದರು. ನನ್ನನ್ನೂ ಹಿಂದೆ ಕೂರಿಸಿಕೊಂಡರು. ದಾರಿಯಲ್ಲಿ ಒಂದು ಮಾತೂ ಬೈಯಲಿಲ್ಲ. ಆ ಹಿರಿಯರು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ದೊಡ್ಡಪ್ಪ ಚಪ್ಪಲಿ ಬಿಟ್ಟು, ಕೈ ಮುಗಿದು, ‘ಯಜಮಾನ್ರೇ, ನನ್ನ ಕೈಯಿಂದ ತಪ್ಪಾಗಿದೆ. ಸತ್ತ ಸುದ್ದಿ ಸುಳ್ಳಾಗಿ ಹುಟ್ಟಿದರೆ ಆಯಸ್ಸು ಜಾಸ್ತಿ ಅಂತ ಹಿರಿಯರು ಹೇಳ್ತಾರೆ. 500 ಪ್ರತಿ ಅಚ್ಚು ಹಾಕಿದ್ದೀನಿ. ನಿಮಗೆ ಇನ್ನು ನೂರು ವರ್ಷಕ್ಕೆ ಮೋಸವಿಲ್ಲ’ ಅಂದರು. ಒಂದು ಕ್ಷಣ ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಆ ಯಜಮಾನರು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವ ತನಕ. ‘ಲೇ, ಇವನಿಗೆ ಒಂದು ಲೋಟ ಮಜ್ಜಿಗೆ ಕೊಡ್ರೋ’ ಅಂದರು.

ಪತ್ರಿಕೆ ಎಲ್ಲ ವಾಪಸ್ ತಂದೆವು. ಹೊಸದಾಗಿ ಅಚ್ಚು ಹಾಕೋಕೆ ಆ ಕಾರ್ಡು ಊರಲ್ಲಿ ಸಿಗುತ್ತಿರಲಿಲ್ಲ, ಬೆಂಗಳೂರಿನಿಂದ ಬರಬೇಕು, ಅವರಿಗೆ ಬೆಳಿಗ್ಗೆಯೇ ಹಂಚೋಕೆ ಬೇಕು. ದೊಡ್ಡಪ್ಪ ಅದೇ ಬಣ್ಣದ ಕಾಗದದ ಮೇಲೆ ಎರಡು ಹೆಸರನ್ನೂ ಸರಿಯಾಗಿ ಅಚ್ಚು ಹಾಕಿದರು. ದೊಡ್ಡಮ್ಮ ಮೈದಾ ಗೋಂದು ಕಾಸಿದರು. ಅಕ್ಕ ಚೀಟಿ ಕತ್ತರಿಸಿದಳು. ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತು 500 ಪತ್ರಿಕೆಗೆ ಎರಡೆರಡು ಚೀಟಿ ಅಂಟಿಸಿದೆವು. ಮುಗಿದಾಗ ಮೂರು ಗಂಟೆ. ಅಷ್ಟು ಹೊತ್ತೂ ಅವರು ಕಥೆ ಹೇಳಿದರು, ಊರಿನ ಪುರೋಹಿತರ ಹಾಗೆ ಮಂತ್ರ ಹೇಳಿದರು, ನಾಟಕದ ಭೀಮನ ಹಾಗೆ ಗರ್ಜಿಸಿದರು. ನಮ್ಮ ಚಿಕ್ಕ ತಂಗಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು. ನನಗೊಬ್ಬನಿಗೆ ನಗು ಬರುತ್ತಿರಲಿಲ್ಲ. ಅದನ್ನು ನೋಡಿದ್ದರು ಅಂತ ಕಾಣುತ್ತದೆ. ಮಲಗುವ ಮುಂಚೆ ಹತ್ತಿರ ಬಂದು, ಜೇಬಿನಿಂದ ಆ ಪ್ರೂಫ್ ತೆಗೆದು ನನ್ನ ಕೈಗೆ ಕೊಟ್ಟು, ‘ಒಲೆಗೆ ಹಾಕು ಹೋಗು. ನಾಳೆ ಪರೀಕ್ಷೇಲಿ ಮಾತ್ರ ಎರಡು ಸಲ ನೋಡು’ ಅಂದರು. ಅಷ್ಟೇ. ಆ ವಿಷಯ ಮತ್ತೆ ಯಾವತ್ತೂ ಎತ್ತಲಿಲ್ಲ.

ಆ ಯಜಮಾನರು ಅದಾದ ಮೇಲೆ ಹದಿನೇಳು ವರ್ಷ ಇದ್ದರು. ಹೋದಾಗ ಅವರ ಮಗ ನೇರವಾಗಿ ನಮ್ಮ ಪ್ರೆಸ್ಸಿಗೇ ಬಂದು, ‘ಈಗ ಹಾಕಿ ಅಣ್ಣ ಆ ದಿ॥’ ಅಂದರು. ದೊಡ್ಡಪ್ಪ ಆ ಕಾರ್ಡಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ದುಡ್ಡಿನ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಒಂದು ಚುನಾವಣೆಯ ಹೊತ್ತಿನಲ್ಲಿ ರಾತ್ರಿ ಹತ್ತರ ಮೇಲೆ ಇಬ್ಬರು ಬಂದರು. ಎದುರು ಪಕ್ಷದವನ ಮನೆ ಹೆಣ್ಣುಮಕ್ಕಳ ಬಗ್ಗೆ ಕೆಟ್ಟದಾಗಿ ಬರೆದ ಕರಪತ್ರ. ಮೂರು ಪಟ್ಟು ದುಡ್ಡು ಕೊಡ್ತೀವಿ, ಕೆಳಗೆ ಪ್ರೆಸ್ಸಿನ ಹೆಸರು ಹಾಕಬೇಡಿ ಅಂದರು. ಚುನಾವಣೆಯ ಕರಪತ್ರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು ಅಂತ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಸೆಕ್ಷನ್ನಿನಲ್ಲೇ ಇದೆ. ಸೆಕ್ಷನ್ ನಂಬರು ದೊಡ್ಡಪ್ಪನಿಗೆ ಬಾಯಿಪಾಠ. ಅದನ್ನು ಹೇಳಿದರು. ಅವರು ಕೇಳಲಿಲ್ಲ, ದುಡ್ಡನ್ನು ಮೇಜಿನ ಮೇಲೆ ಇಟ್ಟರು. ಆಗ ದೊಡ್ಡಪ್ಪ, ‘ನನ್ನ ಹೆಸರು ಹಾಕಕ್ಕೆ ನಾಚಿಕೆ ಆಗೋ ಕೆಲಸ ನನ್ನ ಮಷಿನ್ನಿಗೂ ಬೇಡ. ಎತ್ಕೊಳ್ಳಿ’ ಅಂದರು. ಆ ತಿಂಗಳು ಅಕ್ಕನ ಕಾಲೇಜಿನ ಫೀಸಿಗೆ ದೊಡ್ಡಮ್ಮನ ಬಳೆ ಅಡವಿಟ್ಟಿದ್ದು ನನಗೆ ಗೊತ್ತು. ನಾನೇ ಜೊತೆಗೆ ಹೋಗಿದ್ದೆ.

ಓದಿದ್ದು ಕಮ್ಮಿಯಾದರೂ ಅವರ ಕೈಗೆ ಬಂದದ್ದನ್ನೆಲ್ಲ ಓದಿದ್ದರು, ಅದೂ ತಲೆಕೆಳಗಾಗಿ. ಜುಲೈ 1ಕ್ಕೆ ಪ್ರತಿ ವರ್ಷ ಜಿಲೇಬಿ ತರೋರು. 1843ರ ಆ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತೆಗೆದರು, ಕನ್ನಡದ ಮೊದಲ ಪತ್ರಿಕೆ. ಅದು ಕಲ್ಲಚ್ಚಿನಲ್ಲಿ ಆಗಿದ್ದು, ಅಂದ್ರೆ ಮೊಳೆ ಇಲ್ಲದೆ. ‘ಒಂದು ತಪ್ಪಾದರೆ ಕಲ್ಲಿನ ಮೇಲೆ ಹೇಗೆ ತಿದ್ದುತ್ತಿದ್ರೋ ಪುಣ್ಯಾತ್ಮರು’ ಅಂತ ಆಶ್ಚರ್ಯ ಪಡೋರು. ಒಂದು ಸಲ ಕಾಲೇಜಿನ ಲೈಬ್ರರಿಯಿಂದ ಕಿಟೆಲ್ ನಿಘಂಟನ್ನು ತಂದು ತೋರಿಸಿದೆ, 1894ರಲ್ಲಿ ಮಂಗಳೂರಿನ ಅದೇ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಪುಟ ತಿರುವುತ್ತಾ ತುಂಬ ಹೊತ್ತು ಮಾತೇ ಆಡಲಿಲ್ಲ. ಒಂದೇ ಸಾಲಿನಲ್ಲಿ ಕನ್ನಡ, ಇಂಗ್ಲಿಷು, ಆವರಣ ಚಿಹ್ನೆ, ಚಿಕ್ಕ ದೊಡ್ಡ ಅಕ್ಷರ. ‘ಕಿಟೆಲ್ ಸಾಹೇಬರು ದೊಡ್ಡೋರು, ಸರಿ. ಇದನ್ನ ಜೋಡಿಸಿದ ಹುಡುಗರು ಯಾರೋ? ಅವರ ಬೆರಳಿಗೊಂದು ನಮಸ್ಕಾರ’ ಅಂದು ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು.

ಆಮೇಲೆ ಕಂಪ್ಯೂಟರ್ ಬಂತು. ಊರಿನಲ್ಲಿ ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸುವ ಡಿಟಿಪಿ ಅಂಗಡಿ ಒಂದೊಂದೇ ಶುರುವಾದವು, ಲಗ್ನಪತ್ರಿಕೆ ಆಫ್‌ಸೆಟ್‌ಗೆ ಹೋಯಿತು. ದೊಡ್ಡಪ್ಪನಿಗೆ ಆಗ 54 ವರ್ಷ. ಈ ವಯಸ್ಸಿನಲ್ಲಿ ಎಲ್ಲರೂ ಕೈ ಚೆಲ್ಲಿದರು, ಇವರು ಚಿಕ್ಕ ಮಗಳನ್ನು ಗುರು ಮಾಡಿಕೊಂಡರು. ಒಂದು ಹಳೇ ಕಂಪ್ಯೂಟರ್ ತಂದು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಹಾಕಿಸಿದರು. ಅದರ ಕೀಲಿಮಣೆ ಕೆ.ಪಿ. ರಾವ್ ಅವರು ಮಾಡಿದ ವಿನ್ಯಾಸದ್ದು. ಒತ್ತಕ್ಷರಕ್ಕೆ ಹುಡುಕುವ ಹಾಗಿಲ್ಲ, ನಡುವೆ ಎಫ್ ಒತ್ತಿದರೆ ಅದೇ ಬಂದು ಕೆಳಗೆ ಕೂರುತ್ತದೆ. ದ ಒತ್ತುವ ಕೀಲಿಯನ್ನೇ ಶಿಫ್ಟ್ ಹಿಡಿದು ಒತ್ತಿದರೆ ಧ. ಅದನ್ನು ಮಗಳು ತೋರಿಸಿದ ದಿನ ಇಡೀ ಮನೆ ಕೇಳುವ ಹಾಗೆ ಕೂಗಿದರು, ‘ಲೇ, ಬನ್ರೋ ಇಲ್ಲಿ! ಶಿಫ್ಟ್ ಒತ್ತಿದರೆ ಮಹಾಪ್ರಾಣ ಬರುತ್ತೆ! ಯಮನ ಹತ್ರ ಇದೊಂದು ಕೀಲಿ ಇದ್ದಿದ್ರೆ!’ ಆರು ತಿಂಗಳಲ್ಲಿ ಕಲಿತರು. ನಿಧಾನ ಇತ್ತು, ತಪ್ಪು ಇರಲಿಲ್ಲ. ಮಗಳನ್ನು ಕೊನೆಯವರೆಗೂ ‘ಟೀಚರ್’ ಅಂತಲೇ ಕರೆದರು.

ಮೊಳೆಗಳನ್ನು ಗುಜರಿಗೆ ಹಾಕಿದ ದಿನ ನಾನು ಊರಿನಲ್ಲಿದ್ದೆ. ಜಾಗ ಬೇಕಿತ್ತು, ಬೇರೆ ದಾರಿ ಇರಲಿಲ್ಲ. ಗುಜರಿಯವನು ಗೋಣಿಚೀಲಕ್ಕೆ ಸುರಿದು ತಕ್ಕಡಿಗೆ ಹಾಕಿದ. ದೊಡ್ಡಪ್ಪ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರು. ‘ಅಕ್ಷರಕ್ಕೆ ಬೆಲೆ ಕಟ್ಟಕ್ಕಾಗಲ್ಲ ಅಂತಿದ್ರು ನಮ್ಮ ಮೇಷ್ಟ್ರು. ಇವತ್ತು ಕೇಜಿ ಲೆಕ್ಕ ಗೊತ್ತಾಯ್ತು’ ಅಂದರು. ಗುಜರಿಯವನೂ ನಕ್ಕ. ಅವನು ಹೋದ ಮೇಲೆ ಖಾಲಿ ಕೇಸಿನ ಖಾನೆಗಳಲ್ಲಿ ಬೆರಳಾಡಿಸುತ್ತಾ ಕೂತಿದ್ದವರು ರಾತ್ರಿ ಊಟಕ್ಕೆ ಏಳಲಿಲ್ಲ. ಅವರು ಊಟ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾರನೇ ಬೆಳಿಗ್ಗೆ ಕಾಫಿ ಮಾಡಿ ಎಬ್ಬಿಸಿದರು, ಎಂದಿನ ಹಾಗೆ.

ಕೊನೆಯ ಎರಡು ವರ್ಷ ಮಂಡಿ ನೋವು, ಉಬ್ಬಸ. ಯಾರಾದರೂ ನೋಡೋಕೆ ಬಂದು ಹೇಗಿದ್ದೀರಿ ಅಂದರೆ, ‘ಅಟ್ಟದ ಮೇಲಿನ ಕಾಯಿ ಕಣಪ್ಪ. ಅಲ್ಲಾಡಿಸಿ ನೋಡು, ಒಳಗೆ ಲೊಟಲೊಟ ಅಂತಿದೆ. ಉಂಡೆ ಕೊಬ್ಬರಿ ಆಗಿದೀನಿ, ಒಡೆಯೋದೊಂದು ಬಾಕಿ’ ಅನ್ನೋರು. ಕಾಯಿ ಪೂರ್ತಿ ಒಣಗಿದರೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಹಾಗೆ ಸದ್ದು ಮಾಡುತ್ತದೆ, ತಿಪಟೂರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡಮ್ಮ ಮಾತ್ರ ಸಿಟ್ಟಾಗೋರು. ಸಿಟ್ಟಾಗಲಿ ಅಂತಲೇ ಅವರು ಹೇಳುತ್ತಿದ್ದದ್ದು. ಆಸ್ಪತ್ರೆಯಲ್ಲಿ ಕೊನೆಯ ವಾರ ಕೈಯಲ್ಲಿ ಸೂಜಿ ಚುಚ್ಚಿದ್ದರೂ ಬಲಗೈ ಬೆರಳುಗಳು ಹೊದಿಕೆಯ ಮೇಲೆ ಏನೋ ಎತ್ತಿ ಇಡುತ್ತಲೇ ಇದ್ದವು. ನರ್ಸು ಏನದು ಅಂತ ಕೇಳಿದಳು. ದೊಡ್ಡಮ್ಮ, ‘ಕಂಪೋಸಿಂಗ್ ಮಾಡ್ತಿದಾರಮ್ಮ, ಬಿಡು’ ಅಂದರು.

ಈ ಸಭೆಗೆ ಆಹ್ವಾನ ಪತ್ರಿಕೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ‘ನುಡಿ’ಯಲ್ಲೇ ಜೋಡಿಸಿದೆ. ಅವರ ಹೆಸರಿನ ಹಿಂದೆ ದಿ॥ ಅಂತ ಹಾಕಬೇಕು. ಕೈ ಬರಲಿಲ್ಲ. ಎರಡು ದಿನ ಆ ಜಾಗ ಖಾಲಿ ಬಿಟ್ಟೆ. ಆಮೇಲೆ ದೊಡ್ಡಮ್ಮನನ್ನೇ ಕೇಳಿದೆ. ಅವರು ಏನೂ ಹೇಳದೆ ದೇವರ ಮನೆಗೆ ಹೋಗಿ ಕುಂಕುಮದ ಭರಣಿ ತಂದರು. ಅದರೊಳಗಿಂದ ಒಂದು ಮೊಳೆ ತೆಗೆದರು. ಗುಜರಿಯ ದಿನ ದೊಡ್ಡಪ್ಪ ಎತ್ತಿಟ್ಟುಕೊಂಡಿದ್ದರಂತೆ, ಅವರಿಗೊಬ್ಬರಿಗೇ ಗೊತ್ತಿತ್ತು. ಒಂದು ದಪ್ಪ ‘ಶ್ರೀ’. ‘ಇದನ್ನ ಹಾಕು. ತಪ್ಪು ಅಂತ ಯಾರಾದ್ರೂ ಬಂದು ಜಗಳ ಆಡಿದ್ರೆ ಚೀಟಿ ಅಂಟಿಸೋಣ’ ಅಂದರು.

ಮೊನ್ನೆ ರಾತ್ರಿ ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತೆವು. ಅಕ್ಕ, ಅಣ್ಣ, ಟೀಚರ್, ನಾನು, ನಮ್ಮ ಮಕ್ಕಳು. ಸ್ಟಾಂಪ್ ಪ್ಯಾಡಿಗೆ ಮೊಳೆ ಒತ್ತಿ 200 ಪತ್ರಿಕೆಗೂ ಕೈಯಲ್ಲೇ ಶ್ರೀ ಹಾಕಿದೆವು. ಕಚ್ಚು ಯಾವ ಕಡೆ ಇರಬೇಕು ಅಂತ ನನ್ನ ಮಗಳಿಗೆ ಅವಳ ಅಜ್ಜಿ ಬೆರಳು ಹಿಡಿದು ತೋರಿಸಿಕೊಟ್ಟರು. ನಿಮ್ಮ ಕೈಯಲ್ಲಿರುವ ಪತ್ರಿಕೆ ನೋಡಿ. ಕೆಲವದರಲ್ಲಿ ಶಾಯಿ ಸ್ವಲ್ಪ ಜಾಸ್ತಿಯಾಗಿದೆ, ಕೆಲವದರಲ್ಲಿ ಅಕ್ಷರ ಓರೆಯಾಗಿದೆ. ಓರೆಯಾಗಿರುವುದು ಮಕ್ಕಳು ಹಾಕಿದ್ದು.